ಬೆಳಿಗ್ಗೆ ಲೋಟದಲ್ಲಿ ಉಳಿದದ್ದು

ನಮ್ಮಲ್ಲೊಬ್ಬನ ದೊಡ್ಡಪ್ಪನ ಮಗ ಅಮೆರಿಕದಲ್ಲಿ ಕೆಲಸದಲ್ಲಿದ್ದಾನೆ. ಊರ ಜಾತ್ರೆಗೆ ಬಂದವನು ಎರಡು ಬಾಟಲಿ ಕೊಟ್ಟುಹೋದ. ಒಂದು ಅಮೆರಿಕದ ಬರ್ಬನ್, ಮೇಕರ್ಸ್ ಮಾರ್ಕ್. ಇನ್ನೊಂದು ಸ್ಕಾಟ್ಲೆಂಡಿನ ಸ್ಕಾಚ್, ಲಫ್ರಾಯ್ಗ್, 10 ವರ್ಷದ್ದು. ಒಟ್ಟಿಗೆ ಪತ್ರಿಕೋದ್ಯಮ ಓದಿದ ನಾವು ನಾಲ್ವರು ಒಂದು ಶನಿವಾರ ರಾತ್ರಿ ದಾವಣಗೆರೆಯ ಬಾಡಿಗೆ ರೂಮಿನಲ್ಲಿ ಕೂತೆವು.

ನಾಲ್ವರಲ್ಲಿ ಕುಡಿಯುವವರು ಮೂವರು. ನಾಲ್ಕನೆಯವನು ಹಾವೇರಿ ಕಡೆಯವನು, ಹನಿ ಮುಟ್ಟುವುದಿಲ್ಲ. ಕಾರಣ ನಮಗೆ ಗೊತ್ತಿತ್ತು, ಯಾರೂ ಕೇಳುವುದಿಲ್ಲ. ಅವನಪ್ಪ ಸಾರಾಯಿ ಕುಡಿಯುತ್ತಿದ್ದರು. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅಪ್ಪ ಅಂಗಡಿ ಬದಲಿಸಿದರು, ಅಷ್ಟೇ. ಆಮೇಲೆ 90 ಮಿಲಿಯ ಪ್ಯಾಕೆಟ್ ಶುರುವಾಯಿತು. ಕೊನೆಗೆ ಲಿವರ್ ಕೈಕೊಟ್ಟಿತು. ಗೆಳೆಯ ಆಗ ಪಿಯುಸಿಯಲ್ಲಿದ್ದ.

ಅಂದು ಅವನೇ ಹೇಳಿದ: "ನನಗ ಬ್ಯಾಡ. ಆದ್ರ ಮೂಸಿ ನೋಡ್ತೀನಿ. ಒಂದು ಪ್ಯಾಕೆಟ್ಟೂ ತರ್ರಿ, ಅದನ್ನೂ ಪಕ್ಕಕ್ಕ ಇಡ್ರಿ."

ಹಾಗೆ ಮೂರು ಗಾಜಿನ ಲೋಟ ಸಾಲಾಗಿ ನಿಂತವು. ಒಂದೊಂದರಲ್ಲಿ 30 ಮಿಲಿ. ಮಂಡಕ್ಕಿ, ಮಿರ್ಚಿಯ ಪೊಟ್ಟಣವನ್ನು ಬಿಚ್ಚದೆ ಪಕ್ಕಕ್ಕಿಟ್ಟೆವು. ಖಾರ ತಿಂದ ನಾಲಿಗೆಗೆ ರುಚಿ ಗೊತ್ತಾಗುವುದಿಲ್ಲ. ಮೂಗನ್ನು ಲೋಟದೊಳಗೆ ತುರುಕಬಾರದು, ಬಾಯಿ ಸ್ವಲ್ಪ ತೆರೆದು ಮೇಲಿನಿಂದ ಮೂಸಬೇಕು. ನಾಲ್ಕೈದು ಹನಿ ನೀರು ಬಿಟ್ಟರೆ ವಾಸನೆ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ಯಾವ ಲೋಟದಲ್ಲಿ ಯಾವುದಿದೆ ಎಂದು ಗೆಳೆಯನಿಗೆ ಹೇಳಿರಲಿಲ್ಲ.

ಮೊದಲನೆಯದನ್ನು ಮೂಸಿದ. "ಆಲೆಮನಿ" ಅಂದ. "ಪಾಕ ಇಳಿಸೋ ಮುಂದ ಬರ್ತೈತಲ್ಲ, ಆ ವಾಸನಿ. ಹಿಂದ ಐಸ್‌ಕ್ರೀಮು."

ಅದು ಬರ್ಬನ್. ನಾವು ಕುಡಿದು ನೋಡಿದೆವು, ಅವನು ಹೇಳಿದ್ದು ಸರಿಯಿತ್ತು. ಅಮೆರಿಕದ ಕಾನೂನಿನ ಪ್ರಕಾರ ಬರ್ಬನ್ ಆಗಬೇಕಾದರೆ ಬಳಸುವ ಧಾನ್ಯದಲ್ಲಿ ನೂರಕ್ಕೆ 51 ಪಾಲಾದರೂ ಮೆಕ್ಕೆಜೋಳ ಇರಬೇಕು. ಮೇಕರ್ಸ್ ಮಾರ್ಕ್‌ನಲ್ಲಿ ಸುಮಾರು 70 ಪಾಲು ಅದೇ. ಉಳಿದದ್ದು ಗೋಧಿ, ಮೊಳಕೆ ಕಟ್ಟಿದ ಬಾರ್ಲಿ. ಮೆಕ್ಕೆಜೋಳ ಅಂದರೆ ನಮ್ಮ ಹಾವೇರಿ, ದಾವಣಗೆರೆ ಹೊಲಗಳ ಗೋವಿನಜೋಳ. ನಮ್ಮದು ಕೋಳಿ ಆಹಾರಕ್ಕೆ, ಸ್ಟಾರ್ಚ್ ಕಾರ್ಖಾನೆಗೆ ಹೋಗುತ್ತದೆ. ಕೆಂಟುಕಿಯಲ್ಲಿ ಅದು ಪೀಪಾಯಿ ಸೇರುತ್ತದೆ.

ಬೆಲ್ಲದ ವಾಸನೆ ಮಾತ್ರ ಜೋಳದ್ದಲ್ಲ, ಮರದ್ದು. ಬರ್ಬನ್ ತುಂಬುವ ಪೀಪಾಯಿ ಹೊಸ ಓಕ್ ಮರದ್ದೇ ಆಗಿರಬೇಕು, ಒಳಮೈಯನ್ನು ಬೆಂಕಿಯಲ್ಲಿ ಕರಕಲು ಮಾಡಿರಬೇಕು. ಸುಟ್ಟಾಗ ಮರದೊಳಗಿನ ಸಕ್ಕರೆ ಪಾಕದಂತೆ ಕೆಂಪಾಗುತ್ತದೆ, ವೆನಿಲ್ಲಾ ವಾಸನೆಯ ಅಂಶವೂ ಹುಟ್ಟುತ್ತದೆ. ವಿಸ್ಕಿ ವರ್ಷಗಟ್ಟಲೆ ಒಳಗಿದ್ದು ಅದನ್ನೆಲ್ಲ ಹೀರಿಕೊಳ್ಳುತ್ತದೆ.

ಎರಡನೆಯ ಲೋಟ ಮೂಸಿದವನು ತಟ್ಟನೆ ಮುಖ ತಿರುಗಿಸಿದ. "ದವಾಖಾನಿ. ಗಾಯಕ್ಕ ಕಟ್ಟೋ ಪಟ್ಟಿ. ಅದರ ಹಿಂದ ಹಸೀ ಕಟಗಿ ಹೊಗಿ."

ಅದು ಲಫ್ರಾಯ್ಗ್. ಬಾಯಲ್ಲಿಟ್ಟ ನಮಗೂ ಮೊದಲು ನೆನಪಾದದ್ದು ಡೆಟಾಲ್. ಎರಡನೇ ಗುಟುಕಿಗೆ ಉಪ್ಪು, ಮೂರನೆಯದಕ್ಕೆ ತೆಳ್ಳಗೆ ಸಿಹಿ. ಸ್ಕಾಟ್ಲೆಂಡಿನ ಪಶ್ಚಿಮದ ಐಲಾ ಎಂಬ ದ್ವೀಪದಲ್ಲಿ 1815ರಲ್ಲಿ ಶುರುವಾದ ಡಿಸ್ಟಿಲರಿ ಇದು. ಧಾನ್ಯ ಬಾರ್ಲಿ ಒಂದೇ. ಮನೆಯಲ್ಲಿ ರಾಗಿ ಮಾಲ್ಟ್ ಮಾಡುವುದು ನಿಮಗೆ ಗೊತ್ತಲ್ಲ? ನೆನೆಹಾಕಿ, ಮೊಳಕೆ ಕಟ್ಟಿಸಿ, ಒಣಗಿಸುತ್ತೇವೆ. ಬಾರ್ಲಿಗೂ ಅದನ್ನೇ ಮಾಡುತ್ತಾರೆ, ಅದಕ್ಕೇ ಮಾಲ್ಟ್ ವಿಸ್ಕಿ ಎಂಬ ಹೆಸರು. ಆದರೆ ಐಲಾದಲ್ಲಿ ಮರ ಕಡಿಮೆ, ಜೌಗು ನೆಲ ಹೆಚ್ಚು. ಸಾವಿರಾರು ವರ್ಷ ಕೊಳೆತು ಪದರಗಟ್ಟಿದ ಗಿಡಗಂಟಿಯ ಮಣ್ಣನ್ನು ಇಟ್ಟಿಗೆಯಂತೆ ಕತ್ತರಿಸಿ, ಒಣಗಿಸಿ ಉರಿಸುತ್ತಾರೆ. ಅದರ ಹೆಸರು ಪೀಟ್. ಅದರ ಹೊಗೆ ಬಾರ್ಲಿಗೆ ಹತ್ತುತ್ತದೆ. ಲೋಟದಲ್ಲಿ ಬಂದದ್ದು ಆ ಹೊಗೆ.

ಎಲ್ಲ ಸ್ಕಾಚ್ ಹೀಗಿರುವುದಿಲ್ಲ. ಸ್ಪೇಸೈಡ್ ಕಡೆಯ ಗ್ಲೆನ್‌ಲಿವೆಟ್‌ನಲ್ಲಿ ಹೊಗೆ ಇಲ್ಲ, ಸೇಬು, ಅನಾನಸ್ ನೆನಪಾಗುತ್ತದೆ.

ನಮಗೆ ಸೋಜಿಗ ಎನಿಸಿದ್ದು ಬೇರೆ. ಒಮ್ಮೆ ಬಳಸಿದ ಪೀಪಾಯಿಗೆ ಮತ್ತೆ ಬರ್ಬನ್ ತುಂಬುವಂತಿಲ್ಲ. ಹಾಗಾಗಿ ಖಾಲಿ ಪೀಪಾಯಿಗಳು ಸ್ಕಾಟ್ಲೆಂಡಿಗೆ ಹೋಗುತ್ತವೆ. ಲಫ್ರಾಯ್ಗ್ ಬಳಸುವ ಪೀಪಾಯಿಗಳಲ್ಲಿ ಬಹಳಷ್ಟು ಮೇಕರ್ಸ್ ಮಾರ್ಕ್ ಖಾಲಿ ಮಾಡಿ ಕಳಿಸಿದವೇ. ಲಫ್ರಾಯ್ಗ್‌ನ ತೆಳು ಸಿಹಿಯಲ್ಲಿ ಪಕ್ಕದ ಲೋಟದ ಪಾಲೂ ಇತ್ತು.

ಸ್ಕಾಚ್ ಎನಿಸಿಕೊಳ್ಳಲು ಕನಿಷ್ಠ 3 ವರ್ಷ ಸ್ಕಾಟ್ಲೆಂಡಿನಲ್ಲೇ ಓಕ್ ಪೀಪಾಯಿಯಲ್ಲಿರಬೇಕು. ಬಾಟಲಿ ಮೇಲೆ 10 ಎಂದಿದ್ದರೆ ಒಳಗಿನ ಅತಿ ಎಳೆಯ ವಿಸ್ಕಿಗೂ 10 ವರ್ಷ. ಅಷ್ಟು ಕಾಲ ಪ್ರತಿ ವರ್ಷ ನೂರಕ್ಕೆ ಸುಮಾರು 2 ಪಾಲು ಗಾಳಿಗೆ ಆವಿಯಾಗುತ್ತದೆ. ಅಲ್ಲಿನವರು ಅದನ್ನು ದೇವತೆಗಳ ಪಾಲು ಎನ್ನುತ್ತಾರೆ. ಬೆಂಗಳೂರಿನ ಅಮೃತ್ ಡಿಸ್ಟಿಲರಿ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿ ಹೆಸರು ಗಳಿಸಿತು. ನಮ್ಮ ಸೆಕೆಗೆ ಅಲ್ಲಿ ವರ್ಷಕ್ಕೆ ನೂರಕ್ಕೆ 10ಕ್ಕೂ ಹೆಚ್ಚು ಪಾಲು ಆವಿಯಾಗುತ್ತದೆ. ವಿಸ್ಕಿ ಬೇಗ ಮಾಗುತ್ತದೆ, ನಷ್ಟವೂ ಬೇಗ.

ಮೂರನೆಯ ಲೋಟ ಪ್ಯಾಕೆಟ್ಟಿನದು. ಗೆಳೆಯ ಲೋಟ ಎತ್ತಲೇ ಇಲ್ಲ. "ಇದು ಗೊತ್ತೈತಿ" ಅಂದ. "ಈ ವಾಸನಿ ಬಂತು ಅಂದ್ರ ಅಪ್ಪ ಓಣಿಗೆ ಬಂದ್ರು ಅಂತ. ಅವ್ವ ನಮ್ಮನ್ನ ಒಳಗ ಕಳಸ್ತಿದ್ಲು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ನಮ್ಮಲ್ಲಿ ಕಡಿಮೆ ಬೆಲೆಗೆ ಸಿಗುವ ವಿಸ್ಕಿಯಲ್ಲಿ ಬಹುಪಾಲು ಕಾಕಂಬಿಯಿಂದ ತೆಗೆದ ಸ್ಪಿರಿಟ್. ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ ಅದು. ಯುರೋಪ್ ಒಕ್ಕೂಟದ ಕಾನೂನಿನಲ್ಲಿ ವಿಸ್ಕಿ ಧಾನ್ಯದಿಂದಲೇ ಆಗಬೇಕು, ಕಾಕಂಬಿಯದನ್ನು ಆ ಹೆಸರಲ್ಲಿ ಮಾರುವಂತಿಲ್ಲ. ನಾವು ತಂದ ಪ್ಯಾಕೆಟ್ ಮೇಲೆ ಆಲ್ಕೋಹಾಲ್ 42.8 ಎಂದಿತ್ತು. ಯಾವ ಧಾನ್ಯ, ಎಷ್ಟು ವರ್ಷ ಎಂಬ ಮಾತೇ ಇರಲಿಲ್ಲ.

ಒಂದು ಮಾತು ಇಲ್ಲಿ ಸ್ಪಷ್ಟವಿರಲಿ. ಮೂರೂ ಲೋಟಗಳಲ್ಲಿ ಇದ್ದ ಆಲ್ಕೋಹಾಲ್ ನೂರಕ್ಕೆ 40ರಿಂದ 45ರೊಳಗೇ. ರುಚಿಯ ವ್ಯತ್ಯಾಸ ಮೂಗಿಗೆ, ನಾಲಿಗೆಗೆ. ಲಿವರ್‌ಗೆ ಕೆಂಟುಕಿಯೂ ಒಂದೇ, ಐಲಾವೂ ಒಂದೇ, ಊರ ಬಸ್‌ಸ್ಟ್ಯಾಂಡ್ ಪಕ್ಕದ ವೈನ್‌ಶಾಪೂ ಒಂದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮದ್ಯವನ್ನು ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಅಲ್ಲಿ ದುಬಾರಿ, ಅಗ್ಗ ಎಂಬ ಭೇದವಿಲ್ಲ.

ಆ ರಾತ್ರಿ ನಾವು ಮೂವರು ಕುಡಿದದ್ದು ಕಡಿಮೆ. ಒಂದು ಲೋಟಕ್ಕೆ ಅರ್ಧ ಗಂಟೆ ಹಿಡಿಯಿತು. ಊರಲ್ಲಿ ಹಾಗೆ ಕುಡಿಯುವವರನ್ನು ನಾವು ನೋಡಿಲ್ಲ. ಕೌಂಟರ್ ಪಕ್ಕ ನಿಂತು, ಯಾರಾದರೂ ನೋಡಿಯಾರು ಎಂದು ಹೆದರಿ, ಪ್ಯಾಕೆಟ್ ಕತ್ತರಿಸಿ ಒಂದೇ ಗುಟುಕಿಗೆ ಇಳಿಸುತ್ತಾರೆ. ರುಚಿ ಗೊತ್ತಾಗುವ ಮೊದಲೇ ಮುಗಿದಿರುತ್ತದೆ. ಅವರಿಗೆ ಬೇಕಾದದ್ದು ರುಚಿಯಲ್ಲ, ಅಂದಿನ ದಿನ ಮರೆಯುವುದು.

ಲೋಟ ತೊಳೆಯದೆ ಮಲಗಿದೆವು. ಬೆಳಿಗ್ಗೆ ಎದ್ದಾಗ ಗೆಳೆಯ ಒಣಗಿದ ಲೋಟಗಳನ್ನು ಒಂದೊಂದಾಗಿ ಮೂಸುತ್ತಿದ್ದ. ನಮಗೂ ಕೊಟ್ಟ. ಬರ್ಬನ್ ಲೋಟದಲ್ಲಿ ಮರದ ವಾಸನೆ ಉಳಿದಿತ್ತು. ಲಫ್ರಾಯ್ಗ್‌ನದರಲ್ಲಿ ಆರಿದ ಒಲೆಯ ಬೂದಿ. ಮೂರನೆಯದನ್ನು ಅವನು ಕೈಯಲ್ಲೇ ಹಿಡಿದುಕೊಂಡಿದ್ದ.

"ಇದರಾಗ ಏನೂ ಉಳಿದಿಲ್ಲ ನೋಡ್ರಿ" ಅಂದ. "ಅಪ್ಪನ ಲೋಟಾನೂ ಬೆಳಿಗ್ಗೆ ಹಿಂಗ ಇರ್ತಿತ್ತು. ಅವ್ವ ತೊಳದು, ಅದರಾಗ ನನಗ ಚಾ ಕೊಡ್ತಿದ್ಲು."

ಮೂರೂ ಲೋಟ ತೊಳೆದು ಅವನೇ ಚಹಾ ಕಾಯಿಸಿದ.