ಅಳದ ತಾಯಿ

1982ರ ಅಕ್ಟೋಬರ್ 29, ಆಸ್ಟ್ರೇಲಿಯಾದ ಡಾರ್ವಿನ್. ಕಟಕಟೆಯಲ್ಲಿ ನಿಂತಿದ್ದೀರಿ. ಹೊರಗೆ ಮಳೆಗೆ ಮುಂಚಿನ ಧಗೆ ಊರನ್ನೇ ಬೇಯಿಸುತ್ತಿದೆ. ತುಂಬು ಬಸಿರು, ಸೊಂಟ ಸಿಡಿಯುತ್ತಿದೆ. ಒಳಗಿನ ಕೂಸು ಪಕ್ಕೆಗೆ ಒದ್ದಾಗ ಕೈ ತಾನಾಗಿ ಹೊಟ್ಟೆಯತ್ತ ಹೋಗಿ ಅರ್ಧಕ್ಕೇ ನಿಲ್ಲುತ್ತದೆ. ಸವರಿಕೊಂಡರೆ ಕನಿಕರ ಗಿಟ್ಟಿಸುವ ನಾಟಕ ಅಂದಾರು.

ನಿಮ್ಮ ಹೆಸರು ಲಿಂಡಿ ಚೇಂಬರ್ಲೇನ್.

ಎರಡು ವರ್ಷದ ಹಿಂದಿನ ಆ ರಾತ್ರಿ ಕಿವಿಬಿಟ್ಟು ಹೋಗಿಲ್ಲ. ಉಲುರು ಬಂಡೆಯ ಬಳಿ ಟೆಂಟು, ಅಡುಗೆ ಒಲೆಯ ಹೊಗೆ, ಒಂದು ಸಣ್ಣ ಅಳು. ಓಡುತ್ತೀರಿ. ಅಲ್ಲಿಯ ಕಾಡುನಾಯಿ, ಡಿಂಗೊ, ತಲೆ ಕೊಡವುತ್ತ ಟೆಂಟಿನಿಂದ ಹೊರಬೀಳುತ್ತದೆ. ಒಳಗೆ ನುಗ್ಗಿ ಕೈಯಾಡಿಸುತ್ತೀರಿ. ಹೊದಿಕೆ ಇದೆ. ಒಂಬತ್ತು ವಾರದ ಮಗಳು ಅಜಾರಿಯಾ ಇಲ್ಲ.

ಮೊದಲ ವಿಚಾರಣೆ ನಿಮ್ಮ ಮಾತು ನಂಬಿತ್ತು. ಆಮೇಲೆ ಕೊಲೆಯ ಆರೋಪ ನಿಮ್ಮ ಮೇಲೇ ಬಿತ್ತು; ತಜ್ಞರು ಬಂದು, ನಿಮ್ಮ ಕಾರಿನೊಳಗೆ ಹಸುಗೂಸಿನ ರಕ್ತ ಚಿಮ್ಮಿದೆ ಎಂದರು. ಡ್ಯಾಶ್‌ಬೋರ್ಡಿನ ಕೆಳಗಿನ ಆ ಕಲೆ ಕಾರ್ಖಾನೆಯಲ್ಲೇ ಬಳಿದ, ಸದ್ದು ತಗ್ಗಿಸುವ ಲೇಪ ಎಂದು ಗೊತ್ತಾಗಲು ಇನ್ನೂ ವರ್ಷಗಳು ಬೇಕು. ಜನಕ್ಕಂತೂ ಅಷ್ಟು ಸಾಕ್ಷಿಯೂ ಬೇಕಿರಲಿಲ್ಲ. ಟೀವಿ ಮುಂದೆ ಕಣ್ಣೀರಿಲ್ಲ, ಹೆತ್ತವಳೇ ಇವಳು? ನೀವು ತೊಟ್ಟ ಬಟ್ಟೆಯೂ ಸುದ್ದಿ. ಜೊತೆಗೇ ಆರೋಪ ಹೊತ್ತ ಗಂಡ ಏನು ತೊಟ್ಟಿದ್ದ, ಯಾರಿಗೆ ಬೇಕು?

ಜ್ಯೂರಿ ಬಂತು. ಒಂಬತ್ತು ಗಂಡಸರು, ಮೂವರು ಹೆಂಗಸರು. ಒಬ್ಬರ ಕಣ್ಣಾದರೂ ಸಿಕ್ಕೀತೇ ಎಂದು ಹುಡುಕುತ್ತೀರಿ. ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ಕೂಸು ಒದೆಯುತ್ತದೆ. ಇನ್ನೊಮ್ಮೆ.

ಅಪರಾಧಿ.

ಕಠಿಣ ದುಡಿಮೆಯ ಜೀವಾವಧಿ ಶಿಕ್ಷೆ. ಅಳಲೇ? ಅತ್ತರೆ ನಟನೆ, ಅಳದಿದ್ದರೆ ಕಲ್ಲು. ಹಲ್ಲು ಕಚ್ಚುತ್ತೀರಿ.

ಮೂರು ವಾರದೊಳಗೆ, ಕಾವಲಿನಲ್ಲೇ ಹೆರಿಗೆ. ಹೆಣ್ಣುಮಗು. ಎದೆಯಲ್ಲಿ ಹಾಲು ಕಟ್ಟಿ ಕಲ್ಲಾಗುತ್ತದೆ; ಕುಡಿಯಬೇಕಾದವಳನ್ನು ಹುಟ್ಟಿದ ದಿನವೇ ಒಯ್ದಿದ್ದಾರೆ.

ಮೂರು ವರ್ಷ ದಾಟುತ್ತದೆ. 1986ರ ಫೆಬ್ರುವರಿ. ಉಲುರು ಬಳಿ, ಡಿಂಗೊಗಳು ಓಡಾಡುವ ಕಡೆ, ಅಜಾರಿಯಾಳ ಪುಟ್ಟ ಮೇಲಂಗಿ ಸಿಗುತ್ತದೆ. ಮಗು ತೊಟ್ಟಿತ್ತು ಎಂದು ನೀವು ಹೇಳುತ್ತಲೇ ಬಂದ, ಸುಳ್ಳು ಎಂದು ಅವರು ತಳ್ಳಿಹಾಕಿದ ಅದೇ ಅಂಗಿ. 7ನೇ ತಾರೀಕು ಜೈಲಿನ ಬಾಗಿಲು ತೆರೆಯುತ್ತದೆ. 1988ರಲ್ಲಿ ತೀರ್ಪು ರದ್ದಾಗುತ್ತದೆ.

ಮಗುವನ್ನು ಡಿಂಗೊ ಒಯ್ದದ್ದು ನಿಜ ಎಂದು ಸರ್ಕಾರಿ ದಾಖಲೆಯಲ್ಲಿ ಬರೆದದ್ದು 2012ರ ಜೂನ್ 12ರಂದು. ಅಜಾರಿಯಾ ಬದುಕಿದ್ದರೆ, ಅದರ ಹಿಂದಿನ ದಿನ ಅವಳಿಗೆ 32 ತುಂಬುತ್ತಿತ್ತು.