ಹಗುರ ಗಂಟಿನ ಯಾತ್ರೆ: ಕಾಞಂಗಾಡಿನ ಆನಂದಾಶ್ರಮದಲ್ಲಿ ಎರಡು ದಿನ

ನಮ್ಮ ವ್ಯಾಪಾರಸ್ಥ ಕುಟುಂಬಗಳು ಯಾತ್ರೆಗೆ ಹೊರಟವೆಂದರೆ ಅರ್ಧ ಮನೆಯೇ ಜೊತೆಗೆ ಹೊರಡುವುದು ವಾಡಿಕೆ. ನೀರು ಸೋಸುವ ಬಟ್ಟೆ, ಅಕ್ಕಿ, ಹಿಟ್ಟು, ಪೂಜೆಯ ಪೆಟ್ಟಿಗೆ, ಚಕ್ಕುಲಿ ಡಬ್ಬಿ, ಮೂರು ದಿನಕ್ಕೆ ಒಂಬತ್ತು ಸೀರೆ. ಇವುಗಳಲ್ಲಿ ಕೆಲವು ನಿಯಮಪಾಲನೆಗೆ ಬೇಕಾದವು, ಅವುಗಳ ಬಗ್ಗೆ ಯಾರದೂ ಆಕ್ಷೇಪವಿಲ್ಲ. ಉಳಿದವು ‘ಇರಲಿ, ಬೇಕಾದೀತು’ ಎಂಬ ಒಂದೇ ಮಾತಿನ ಬಲದಿಂದ ಗಂಟಿಗೆ ಸೇರುತ್ತವೆ. ಅದೇ ರಸ್ತೆಯಲ್ಲಿ ಮುನಿಸಂಘವೊಂದು ವಿಹಾರ ಮಾಡುತ್ತ ಬಂದರೆ ಅವರ ಬಳಿ ಇರುವುದು ಜೀವದಯೆಗೊಂದು ಪಿಂಛಿ, ಶೌಚಕ್ಕೊಂದು ಕಮಂಡಲು, ಜ್ಞಾನಕ್ಕೊಂದು ಶಾಸ್ತ್ರ. ನಾವು ಭಕ್ತಿಯಿಂದ ‘ನಮೋಸ್ತು’ ಎನ್ನುತ್ತೇವೆ. ‘ಅದು ಮಹಾವ್ರತಿಗಳಿಗೆ, ನಮ್ಮಂಥ ಸಂಸಾರಿಗಳಿಗಲ್ಲ’ ಎಂದುಕೊಂಡು ಮುಂದೆ ಸಾಗುತ್ತೇವೆ.

ಈ ಎರಡರ ನಡುವೆ ಗೃಹಸ್ಥನು ಕಾಲಿಡಬಹುದಾದ ಮೆಟ್ಟಿಲುಗಳಿಲ್ಲವೇ? ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲಿರುವ ಆನಂದಾಶ್ರಮಕ್ಕೆ ನಾವು ಹೋಗಿಬಂದಾಗ ಈ ವಿಚಾರವೇ ಮತ್ತೆ ಮತ್ತೆ ಚರ್ಚೆಗೆ ಬಂದಿತು. ಆಶ್ರಮವು ನಮ್ಮ ಸಮಾಜದ್ದಲ್ಲ, ಅಲ್ಲಿ ನಡೆಯುವುದು ರಾಮನಾಮ. ಆದರೂ ಅಲ್ಲಿ ಕಂಡದ್ದನ್ನು ನಮ್ಮ ವಾಚಕ ಬಂಧುಗಳ ಮುಂದಿಡುವುದು ಉಚಿತವೆಂದು ತೋರಿತು.

ನಾವು ಎರಡು ಮನೆಗಳ ಆರು ಮಂದಿ. ಹೊರಡುವ ಮೊದಲೇ ಒಂದು ಕಟ್ಟು ಮಾಡಿಕೊಂಡೆವು: ಒಬ್ಬರಿಗೆ ಒಂದೇ ಚೀಲ, ಅದನ್ನು ಅವರವರೇ ಹೊರಬೇಕು. ಮಂಗಳೂರಿನಿಂದ ಕಾಞಂಗಾಡಿಗೆ ರೈಲಿನಲ್ಲಿ ಎರಡು ಗಂಟೆಯ ಒಳಗಿನ ಹಾದಿ. ನೇತ್ರಾವತಿ ದಾಟಿ ಉಳ್ಳಾಲ ಕಳೆದರೆ ಮಂಜೇಶ್ವರ. ಅಲ್ಲಿ ಇಳಿದು, ಬಂಗ್ರಮಂಜೇಶ್ವರದ ಪ್ರಾಚೀನ ಬಸದಿಯಲ್ಲಿ ದರ್ಶನ ಮಾಡಿ, ಮುಂದಿನ ರೈಲು ಹಿಡಿದೆವು. ರಾಷ್ಟ್ರಕವಿ ಗೋವಿಂದ ಪೈಗಳು ಬಾಳಿದ ಊರೂ ಇದೇ. ಮುಂದೆ ಉಪ್ಪಳ, ಕುಂಬಳೆ, ಕಾಸರಗೋಡು. ಅಲ್ಲಿಂದಾಚೆ ಚಂದ್ರಗಿರಿ ಹೊಳೆ ದಾಟಿ ಬೇಕಲದ ಕೋಟೆಯ ಕಡೆಯಿಂದ ಕಾಞಂಗಾಡು. ನಮ್ಮ ಹಿರಿಯರ ಬಾಯಲ್ಲಿ ಇದು ಹೊಸದುರ್ಗ. ಕೆಳದಿಯ ನಾಯಕರು ಕಟ್ಟಿದ ಕೋಟೆಯಿಂದ ಬಂದ ಹೆಸರು. 1956ರ ನವೆಂಬರ್ 1ರವರೆಗೆ ಈ ನಾಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗವೇ ಆಗಿತ್ತು. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ.

ನಮ್ಮ ತಂಡದ ಹಿರಿಯರೊಬ್ಬರ ವಿಷಯ ಇಲ್ಲಿ ಹೇಳಬೇಕು. ಅವರು ಐವತ್ತು ವರ್ಷ ಜವಳಿ ವ್ಯಾಪಾರ ನಡೆಸಿದವರು. ಹಿಂದಿನ ಚಾತುರ್ಮಾಸದಲ್ಲಿ ಮುನಿಗಳ ಸನ್ನಿಧಿಯಲ್ಲಿ ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಿದ್ದರು. ಆದರೆ ಯಾವುದು ಎಷ್ಟು ಎಂಬ ಲೆಕ್ಕವನ್ನು ‘ಆಮೇಲೆ ಬರೆಯುತ್ತೇನೆ’ ಎಂದು ಬಾಕಿ ಇಟ್ಟಿದ್ದರು. ಇಬ್ಬರು ಗಂಡುಮಕ್ಕಳು ಅಂಗಡಿಯಲ್ಲಿ ಕೂರುತ್ತಿದ್ದರೂ ತಿಜೋರಿಯ ಬೀಗದ ಕೈ ಗೊಂಚಲು ಅವರ ಸೊಂಟ ಬಿಟ್ಟಿರಲಿಲ್ಲ. ಮಕ್ಕಳಿಗೆ ಅದೊಂದು ಮೌನದ ನೋವು. ಆರು ಮಂದಿಯಲ್ಲಿ ಅವರ ಚೀಲವೇ ಅತ್ಯಂತ ಹಗುರ. ಆದರೆ ಆ ಗೊಂಚಲೂ ಮೊಬೈಲ್ ಫೋನೂ ಜೊತೆಗೇ ಬಂದಿದ್ದವು.

ಇನ್ನು ಆಶ್ರಮದ ಸ್ಥಾಪಕರ ವೃತ್ತಾಂತ. ಸ್ವಾಮಿ ರಾಮದಾಸರ ಪೂರ್ವಾಶ್ರಮದ ಹೆಸರು ವಿಠ್ಠಲ ರಾವ್. ಜನನ 1884ರಲ್ಲಿ, ಇದೇ ಹೊಸದುರ್ಗದ ಸಾರಸ್ವತ ಕುಟುಂಬದಲ್ಲಿ. ಬೊಂಬಾಯಿಯಲ್ಲಿ ಜವಳಿ ತಯಾರಿಕೆಯ ವಿದ್ಯೆ ಕಲಿತು ಗುಲ್ಬರ್ಗದ ಗಿರಣಿಯೂ ಸೇರಿದಂತೆ ಹಲವೆಡೆ ದುಡಿದವರು. ಕೊನೆಗೆ ಮಂಗಳೂರಿನಲ್ಲಿ ಸೀರೆಗೆ ಬಣ್ಣ ಹಾಕಿ ಅಚ್ಚು ಒತ್ತುವ ಸ್ವಂತ ಉದ್ಯಮ ತೆರೆದರು. ಅದು ಕೈಹಿಡಿಯಲಿಲ್ಲ, ಸಾಲವಾಯಿತು. ಆ ಕಷ್ಟದ ದಿನಗಳಲ್ಲಿ ಅವರಿಗೆ ಆಸರೆಯಾದದ್ದು ತಂದೆಯವರು ಉಪದೇಶಿಸಿದ ರಾಮಮಂತ್ರ. 1922ರ ಡಿಸೆಂಬರಿನಲ್ಲಿ ಮೂವತ್ತೆಂಟರ ಪ್ರಾಯದ ಅವರು ಇಪ್ಪತ್ತೈದು ರೂಪಾಯಿ ಮತ್ತು ಕೆಲವು ಪುಸ್ತಕಗಳನ್ನು ತೆಗೆದುಕೊಂಡು ಮಂಗಳೂರಿನಿಂದ ರೈಲು ಹತ್ತಿ ತಮಿಳುನಾಡಿನ ಕಡೆಗೆ ಹೊರಟರು. ಆ ರೈಲು ದಾರಿ ಸಾಗುವುದು ಅವರ ಹುಟ್ಟೂರಿನ ಮೂಲಕವೇ!

ಶ್ರೀರಂಗದಲ್ಲಿ ಕಾವೇರಿಯ ಸ್ನಾನ ಮಾಡಿ ಬಿಳಿ ಬಟ್ಟೆ ಬಿಟ್ಟು ಕಾವಿ ತೊಟ್ಟರು. ಬದುಕೆಲ್ಲ ರಾಮಸ್ಮರಣೆಗೆ, ಬ್ರಹ್ಮಚರ್ಯದ ಪಾಲನೆ ಮತ್ತು ಸ್ತ್ರೀಯರೆಲ್ಲರಲ್ಲಿ ಮಾತೃಭಾವ, ದೇಹಪೋಷಣೆ ಭಿಕ್ಷಾನ್ನದಿಂದ ಮಾತ್ರ — ಈ ಮೂರು ವ್ರತಗಳನ್ನು ಸ್ವೀಕರಿಸಿದರು. ರಾಮೇಶ್ವರ, ಅರುಣಾಚಲ, ಪುರಿ, ಕಾಶಿ, ಹಿಮಾಲಯ, ದ್ವಾರಕೆ, ಪಂಢರಪುರ ಎಂದು ಸುಮಾರು ಒಂದು ವರ್ಷ ಸುತ್ತಿದರು. ನೇಮಿನಾಥ ತೀರ್ಥಂಕರರ ನಿರ್ವಾಣಕ್ಷೇತ್ರವಾದ ಗಿರಿನಾರ ಬೆಟ್ಟಕ್ಕೂ ಅವರು ಹೋಗಿದ್ದರು. ತಿರುವಣ್ಣಾಮಲೆಯಲ್ಲಿ ರಮಣ ಮಹರ್ಷಿಗಳ ದರ್ಶನವಾಯಿತು. ಕೈಯಲ್ಲಿ ಕಾಸಿಲ್ಲ. ಯಾರೋ ಕೊಟ್ಟ ಟಿಕೆಟು ಇದ್ದರೆ ಸರಿ, ಇಲ್ಲದಿದ್ದರೆ ಟಿಕೆಟು ನೋಡುವವರ ದಯೆ. ಹೆಚ್ಚು ಬಟ್ಟೆ ಬಂದರೆ ಬೇರೆಯವರಿಗೆ ಹೋಗುತ್ತಿತ್ತು. ಮರಳಿ ಬಂದು ಮಂಗಳೂರಿನ ಕದ್ರಿ ಗುಡ್ಡದ ಪಾಂಡವರ ಗುಹೆಯಲ್ಲಿ ಕುಳಿತು ಈ ಪ್ರವಾಸದ ಕಥೆಯನ್ನು ಇಂಗ್ಲಿಷಿನಲ್ಲಿ ಬರೆದರು. ಅದೇ ‘ಇನ್ ಕ್ವೆಸ್ಟ್ ಆಫ್ ಗಾಡ್’. ಪುಸ್ತಕವಾಗಿ ಬಂದದ್ದು 1925ರಲ್ಲಿ.

ಈ ಕಥೆಯನ್ನು ಆಶ್ರಮದ ಮರದ ನೆರಳಿನಲ್ಲಿ ಕುಳಿತು ನಾವು ನೆನಪಿಸಿಕೊಳ್ಳುತ್ತಿದ್ದಾಗ ನಮ್ಮ ಹಿರಿಯರು ಥಟ್ಟನೆ ಕೇಳಿದರು: “ಇಪ್ಪತ್ತೈದು ರೂಪಾಯಿ ಹಿಡಿದು ಹೊರಟರು, ಸರಿ. ಸಾಲ ಕೊಟ್ಟವರ ಗತಿ ಏನು? ಹೆಂಡತಿ ಮಗುವಿನ ಗತಿ ಏನು?”

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಮಾತೇ ಬಂಡವಾಳವಾದ ವ್ಯಾಪಾರಿ ಕೇಳಲೇಬೇಕಾದ ಪ್ರಶ್ನೆ ಅದು. ಪುಸ್ತಕದಲ್ಲಿ ಇದಕ್ಕೆ ಅರ್ಧ ಉತ್ತರವಿದೆ. ಹೊರಡುವಾಗ ರಾಮದಾಸರು ಎರಡು ಕಾಗದ ಬರೆದಿಟ್ಟಿದ್ದರು. ಒಂದು ಪತ್ನಿಗೆ: ಇನ್ನು ಮುಂದೆ ನೀನು ನನಗೆ ಸೋದರಿ ಎಂಬ ಅರ್ಥದ್ದು. ಇನ್ನೊಂದು ಸಾಲದಿಂದ ಬಿಡುಗಡೆ ಮಾಡಿಸಬೇಕಾದ ಸ್ನೇಹಿತರಿಗೆ. ಅವರು ಕದ್ರಿಯ ಗುಹೆಯಲ್ಲಿದ್ದಾಗ ಪತ್ನಿಯೂ ಮಗಳೂ ಬಂದು ಮನೆಗೆ ಮರಳುವಂತೆ ಕೇಳಿದ್ದನ್ನೂ ಮರೆಮಾಚದೆ ಬರೆದಿದ್ದಾರೆ. ಅವರು ಮರಳಲಿಲ್ಲ.

ಮಹಾತ್ಮರ ನಡೆಯನ್ನು ತೂಗುವ ತಕ್ಕಡಿ ನಮ್ಮ ಬಳಿ ಇಲ್ಲ. ವೈರಾಗ್ಯವು ಹೇಳಿಕೇಳಿ ಬರುವಂಥದಲ್ಲ. ಆದರೆ ನಮ್ಮ ಶಾಸ್ತ್ರಗಳು ಹಾಕಿಕೊಟ್ಟ ಪದ್ಧತಿ ಬೇರೆ. ಪಂಪಕವಿಯ ಆದಿಪುರಾಣವನ್ನು ಕೇಳಿದವರಿಗೆಲ್ಲ ನೀಲಾಂಜನೆಯ ಪ್ರಸಂಗ ಗೊತ್ತು. ನರ್ತಿಸುತ್ತಿದ್ದಂತೆಯೇ ಆಕೆಯ ಆಯುಷ್ಯ ತೀರಿದ್ದನ್ನು ಕಂಡು ಆದಿದೇವನಿಗೆ ವೈರಾಗ್ಯ ಉಂಟಾಯಿತು. ಅಷ್ಟು ತೀವ್ರ ವೈರಾಗ್ಯದಲ್ಲಿಯೂ ಸ್ವಾಮಿಯು ಅಯೋಧ್ಯೆಯನ್ನು ಭರತನಿಗೂ ಪೌದನಪುರವನ್ನು ಬಾಹುಬಲಿಗೂ ಉಳಿದವರಿಗೆ ಉಳಿದುದನ್ನೂ ಒಪ್ಪಿಸಿಯೇ ದೀಕ್ಷಾವನಕ್ಕೆ ನಡೆದನು. ಇಂದಿಗೂ ದೀಕ್ಷಾರ್ಥಿಗಳು ಮನೆಯವರ ಒಪ್ಪಿಗೆ ಪಡೆದು, ಎಲ್ಲರಲ್ಲಿ ಕ್ಷಮೆ ಬೇಡಿ ಹೊರಡುತ್ತಾರೆ. ಬಿಟ್ಟು ಹೋಗುವುದು ಒಂದು, ಒಪ್ಪಿಸಿ ಹೋಗುವುದು ಇನ್ನೊಂದು. ಗೃಹಸ್ಥನಿಗೆ ಹೇಳಿದ ದಾರಿ ಎರಡನೆಯದು.

ಸೋಜಿಗವೆಂದರೆ, ಒಪ್ಪಿಸುವ ಈ ಪಾಠ ನಮಗೆ ಆಶ್ರಮದ ಆಡಳಿತದಲ್ಲಿಯೇ ಕಾಣಸಿಕ್ಕಿತು. ರಾಮದಾಸರ ಮೊದಲ ಆಶ್ರಮ 1928ರಲ್ಲಿ ಕಾಸರಗೋಡಿನಲ್ಲಿ, ಪಯಸ್ವಿನಿ ನದಿಯ ಬಳಿ ಆಯಿತು. ಎಳೆಯ ಪ್ರಾಯದಲ್ಲೇ ವಿಧವೆಯಾಗಿ, ಇಬ್ಬರು ಗಂಡುಮಕ್ಕಳ ತಾಯಿಯಾಗಿದ್ದ ಕೃಷ್ಣಾಬಾಯಿಯವರು ಅಲ್ಲಿ ಶಿಷ್ಯೆಯಾಗಿ ಬಂದರು. ಕಹಿ ಪ್ರಸಂಗವೊಂದು ನಡೆದ ಮೇಲೆ ಇಬ್ಬರೂ ಆ ಸ್ಥಳವನ್ನೇ ತೊರೆದು ಹೊರಟರು. 1931ರ ಮೇ ತಿಂಗಳಲ್ಲಿ ಕಾಞಂಗಾಡಿನ ಪೂರ್ವಕ್ಕೆ, ಈಗ ರಾಮನಗರವೆಂದು ಕರೆಯುವ ಗುಡ್ಡದ ಮಗ್ಗುಲಲ್ಲಿ ಆನಂದಾಶ್ರಮ ಪ್ರಾರಂಭವಾಯಿತು. ಬಂದವರ ಊಟ ಉಪಚಾರ, ಸುತ್ತಲಿನ ಬಡವರ ಯೋಗಕ್ಷೇಮ ಎಲ್ಲವನ್ನೂ ಹೊತ್ತವರು ಮಾತೆ ಕೃಷ್ಣಾಬಾಯಿ. 1954ರಲ್ಲಿ ರಾಮದಾಸರು, ಮಾತಾಜಿ ಮತ್ತು ಸ್ವಾಮಿ ಸಚ್ಚಿದಾನಂದರು ಜಗತ್ತಿನ ಅನೇಕ ದೇಶಗಳನ್ನು ಸುತ್ತಿ ಬಂದರು. ಇಪ್ಪತ್ತೈದು ರೂಪಾಯಿಯೊಡನೆ ಹೊರಟವರು ವಿಮಾನ ಹತ್ತಿ ಇಳಿದರೂ ಬದುಕಿನ ರೀತಿ ಬದಲಾಗಲಿಲ್ಲ. 1963ರಲ್ಲಿ ರಾಮದಾಸರು ದೇಹ ಬಿಟ್ಟ ಮೇಲೆ ಹೊಣೆ ಮಾತಾಜಿಯವರ ಮೇಲೆ, 1989ರಲ್ಲಿ ಅವರ ನಂತರ ಸಚ್ಚಿದಾನಂದರ ಮೇಲೆ ಬಂತು. 2008ರಲ್ಲಿ ಅವರೂ ತೀರಿಕೊಂಡರು. ಮೂರು ಸಲ ಹೊಣೆ ಕೈಬದಲಾದರೂ ಇಲ್ಲಿನ ಭಜನೆ, ಅನ್ನದಾನ ಮುಂದುವರಿದೇ ಇವೆ. ಇದನ್ನು ಕೇಳಿ ನಮ್ಮ ಹಿರಿಯರು, “ಒಪ್ಪಿಸುವುದು ಅಂದರೆ ಇದು” ಎಂದು ಮೆಲ್ಲನೆ ನುಡಿದರು.

ಅಲ್ಲಿನ ದಿನಚರಿ ಸರಳ. ನಸುಕಿನಲ್ಲೇ ಎದ್ದು ಭಜನಾಮಂದಿರಕ್ಕೆ ಹೋದರೆ ರಾಮನಾಮದ ಜಪ ನಡೆಯುತ್ತಿರುತ್ತದೆ. ಸ್ತ್ರೀಯರೂ ಪುರುಷರೂ ಸರದಿಯಂತೆ ನಾಮ ಹೇಳುತ್ತಾರೆ. ನಮಗೆ ಕೊಟ್ಟ ಕೋಣೆಯಲ್ಲಿ ಮಂಚ, ಫ್ಯಾನು, ಬಟ್ಟೆ ಹಾಕಲು ಒಂದು ಹಗ್ಗ. ಅಷ್ಟರಲ್ಲೇ ಏನೂ ಕೊರತೆ ಎನಿಸಲಿಲ್ಲ. ವಾಸಕ್ಕಾಗಲಿ ಊಟಕ್ಕಾಗಲಿ ಇಷ್ಟು ಎಂದು ಶುಲ್ಕವಿಲ್ಲ. ಊಟ ಶುದ್ಧ ಸಸ್ಯಾಹಾರ. ಗೆಡ್ಡೆಯ ಪಲ್ಯ ನಮಗೆ ಬೇಡವೆಂದೆವು, ಬಡಿಸುವವರು ಕಾರಣ ಕೇಳದೆ ಮುಂದೆ ಹೋದರು. ರಾತ್ರಿಭೋಜನದ ತ್ಯಾಗವುಳ್ಳ ನಾವು ಸೂರ್ಯಾಸ್ತಕ್ಕೆ ಮೊದಲೇ ಅವಲಕ್ಕಿ, ಬಾಳೆಹಣ್ಣುಗಳಲ್ಲಿ ತೃಪ್ತಿಪಟ್ಟೆವು. ಎರಡೇ ಜೊತೆ ಬಟ್ಟೆ ಇದ್ದುದರಿಂದ ಒಂದನ್ನು ಒಗೆದು ಹಾಕುವ ಕೆಲಸ ಎಲ್ಲರಿಗೂ ಇತ್ತು. ಮನೆಯಲ್ಲಿ ಎಂದೂ ಬಕೆಟು ಮುಟ್ಟದ ನಮ್ಮ ಹುಡುಗರು ಅಲ್ಲಿ ಸಾಲಿನಲ್ಲಿ ನಿಂತು ಬಟ್ಟೆ ಒಗೆದರು! ವಸ್ತುಗಳು ಕಡಿಮೆಯಾದರೆ ಕೆಲಸ ಹೆಚ್ಚುತ್ತದೆ, ಆದರೆ ಚಿಂತೆ ಕಡಿಮೆಯಾಗುತ್ತದೆ ಎಂಬುದನ್ನು ಹೆಂಗಸರು ಮೊದಲು ಗುರುತಿಸಿದರು. “ಇಲ್ಲಿ ಯಾವ ಸೀರೆ ಉಡುವುದು ಎಂಬ ಯೋಚನೆಯೇ ಇಲ್ಲ” ಎಂದು ಒಬ್ಬರು ನಕ್ಕರು.

ಎರಡನೆಯ ದಿನ ಹೊಸದುರ್ಗದ ನಿತ್ಯಾನಂದಾಶ್ರಮಕ್ಕೂ ಹೋದೆವು. ಮುಂದೆ ಮಹಾರಾಷ್ಟ್ರದ ಗಣೇಶಪುರಿಯಲ್ಲಿ ನೆಲೆಸಿ 1961ರಲ್ಲಿ ಸಮಾಧಿ ಹೊಂದಿದ ಸ್ವಾಮಿ ನಿತ್ಯಾನಂದರು ಇಲ್ಲಿ ಮುರಕಲ್ಲಿನ ಬಂಡೆಯನ್ನು ಕಡಿಸಿ ಗುಹೆಗಳ ಸಾಲನ್ನೇ ಮಾಡಿಸಿದರು. ಒಳಗೆ ಮಧ್ಯಾಹ್ನದಲ್ಲೂ ತಂಪು. ಕೌಪೀನವೊಂದೇ ಆಸ್ತಿಯಾಗಿದ್ದ ಅವರು ಕೂಲಿಯವರಿಗೆ ಪ್ರತಿದಿನ ತಪ್ಪದೆ ಮಜೂರಿ ಕೊಡುತ್ತಿದ್ದರೆಂದೂ ಹಣ ಎಲ್ಲಿಂದ ಬರುತ್ತಿತ್ತೆಂದು ಯಾರಿಗೂ ತಿಳಿಯಲಿಲ್ಲವೆಂದೂ ಜನ ಹೇಳುತ್ತಾರೆ. ಪವಾಡದ ಮಾತು ನಂಬುವವರಿಗೆ ಬಿಟ್ಟದ್ದು. ದುಡಿದವನ ಕೂಲಿ ಅಂದಂದಿಗೆ ಸಲ್ಲಬೇಕೆಂಬ ಭಾಗ ನಮಗೆ ಸಾಕು.

ಆ ಸಂಜೆ ನಮ್ಮ ಹಿರಿಯರು ನೋಟುಪುಸ್ತಕದ ಒಂದು ಹಾಳೆ ಕೇಳಿ ಪಡೆದರು. ಕ್ಷೇತ್ರ, ವಾಸ್ತು, ಬೆಳ್ಳಿ, ಬಂಗಾರ, ಧನ, ಧಾನ್ಯ ಎಂದು ವ್ರತದಲ್ಲಿ ಹೇಳಿದ ಕ್ರಮದಂತೆ ಬರೆಯುತ್ತ ಹೋದರು. ಜಮೀನು ಇಷ್ಟು, ಬಂಗಾರ ಇಷ್ಟು, ಬಟ್ಟೆ ಇಷ್ಟು ಜೊತೆ. ಕೈ ನಿಂತದ್ದು ಅಂಗಡಿಯ ಬಳಿ. ಬಹಳ ಹೊತ್ತು ಪೆನ್ನು ಹಿಡಿದು ಕುಳಿತರು. ಕೊನೆಗೆ, ಬರುವ ದೀಪಾವಳಿಯ ಲೆಕ್ಕದ ಪುಸ್ತಕದ ಪೂಜೆಯಂದು ಬೀಗದ ಕೈ ಮಕ್ಕಳಿಗೆ ಒಪ್ಪಿಸುವುದು ಎಂದು ಬರೆದು, ಕೆಳಗೆ ಸಾಕ್ಷಿಯಾಗಿ ನಮ್ಮೆಲ್ಲರ ಸಹಿ ಹಾಕಿಸಿಕೊಂಡರು. ಅದುವರೆಗೆ ಗೊಂಚಲು ಸೊಂಟದಲ್ಲೇ ಇರುತ್ತದಂತೆ! ಇರಲಿ. ದಿನ ಗೊತ್ತಾಯಿತಲ್ಲ, ಅದು ಸಣ್ಣ ಮಾತಲ್ಲ.

ಪರಿಗ್ರಹವೆಂಬುದು ವಸ್ತುವಿನಲ್ಲಿಲ್ಲ, ವಸ್ತುವಿನ ಮೇಲಿನ ಮೂರ್ಛೆಯಲ್ಲಿದೆ ಎಂಬುದು ತತ್ತ್ವಾರ್ಥಸೂತ್ರದ ಉಪದೇಶ. ಈ ಮಾತನ್ನು ಹಿಡಿದು ‘ಮೂರ್ಛೆ ಇಲ್ಲ, ಆದ್ದರಿಂದ ಎಷ್ಟಿದ್ದರೂ ಅಡ್ಡಿಯಿಲ್ಲ’ ಎಂದು ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ಅದಕ್ಕೆಂದೇ ಆಚಾರ್ಯರು ಅಣುವ್ರತಿಗೆ ಪರಿಮಾಣ ಹೇಳಿದರು. ಅಳತೆ ಇಲ್ಲದೆ ವ್ಯಾಪಾರವಿಲ್ಲ. ಗಜವಿಲ್ಲದೆ ಬಟ್ಟೆ, ತಕ್ಕಡಿಯಿಲ್ಲದೆ ಅಕ್ಕಿ ಮಾರದ ನಾವು ನಮ್ಮ ಬೇಕುಗಳನ್ನು ಮಾತ್ರ ಅಳೆಯದೆ ಬಿಡುವುದು ಯಾವ ನ್ಯಾಯ?

ಆದುದರಿಂದ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಮುಂದಿನ ಯಾತ್ರೆ ಎಲ್ಲಿಗೇ ಇರಲಿ, ಒಬ್ಬರಿಗೆ ಒಂದೇ ಚೀಲವೆಂಬ ನಿಯಮ ಮಾಡಿ ನೋಡಿರಿ. ಮನೆಯ ಮಕ್ಕಳಿಗೂ ಅದನ್ನೇ ಹೇಳಿರಿ. ಹೊರಡುವ ಮುನ್ನ ಕೊಡಬೇಕಾದ ಬಾಕಿಯನ್ನು ಕೊಟ್ಟು, ಕೆಲಸದವರ ಸಂಬಳ ಚುಕ್ತಾ ಮಾಡಿ, ಅಂಗಡಿಯನ್ನು ಒಬ್ಬರ ಕೈಗೆ ನಂಬಿಕೆಯಿಂದ ಒಪ್ಪಿಸಿರಿ. ಒಪ್ಪಿಸಿದ ಮೇಲೆ ದಾರಿಯಲ್ಲಿ ಹತ್ತು ಸಲ ಫೋನು ಮಾಡದಿರಿ. ಆನಂದಾಶ್ರಮಕ್ಕೆ ಹೋಗಬಯಸುವವರು ಮುಂಚಿತವಾಗಿ ಬರೆದು ಅನುಮತಿ ಪಡೆಯುವುದು ಅಗತ್ಯ. ಎಷ್ಟು ದಿನ ಇರಬಹುದೆಂಬುದನ್ನು ಆಶ್ರಮದವರೇ ತಿಳಿಸುತ್ತಾರೆ. ಕಾಞಂಗಾಡು ನಿಲ್ದಾಣದಿಂದ ಆಶ್ರಮ ಸುಮಾರು ಐದು ಕಿಲೋಮೀಟರು, ಆಟೋರಿಕ್ಷಾಗಳು ಸಿಗುತ್ತವೆ. ಆಹಾರದ ನಿಯಮ ಇರುವವರು ಒಂದಿಷ್ಟು ಒಣ ಪದಾರ್ಥ ಒಯ್ದರೆ ಸಾಕು. ಆ ಪೊಟ್ಟಣವೂ ಅದೇ ಒಂದು ಚೀಲದೊಳಗೇ ಇರಲಿ.