ಬಿಲವಿಲ್ಲದ ಮೊಲ

ವಿಜಯಪುರದ ಕೋಟೆಯನ್ನು ಹಿಂದಿಕ್ಕಿ ಪಶ್ಚಿಮಾಭಿಮುಖವಾಗಿ ತಿಕೋಟೆಯ ದಾರಿಯನ್ನು ಹಿಡಿದರೆ ಮೊದಲು ಇಬ್ರಾಹಿಂ ರೋಜಾ, ಬಳಿಕ ತೊರವಿ, ಅದರಾಚೆಗೆ ಬಯಲೇ ಬಯಲು. ತೊರವಿಯ ನೀರನ್ನು ಆದಿಲಶಾಹಿ ಅರಸರು ನೆಲದೊಳಗಿನ ಸುರಂಗಗಳಿಂದ ನಗರಕ್ಕೆ ತಂದರು. ಆ ಸುರಂಗಬಾವಿಗಳ ಕುರುಹುಗಳು ಇಂದಿಗೂ ಉಳಿದಿವೆ. ನೆಲವನ್ನು ತೋಡುವವರು ಮನುಷ್ಯರಷ್ಟೇ ಅಲ್ಲ. ಹೊಲದ ಬದುವಿನಲ್ಲಿ ಇಲಿಯ ಬಿಲವುಂಟು. ಗರಸುದಿಣ್ಣೆಯಲ್ಲಿ ಹಲವು ಬಾಯಿಗಳುಳ್ಳ ನರಿಯ ಬಿಲವುಂಟು. ಮೊಲವೂ ಇವುಗಳಂತೆ ಬಿಲವಾಸಿಯೆಂದು ನಮ್ಮಲ್ಲಿ ಅನೇಕರು ನಂಬಿರುವರು. ಆದರೆ ನಮ್ಮ ಹೊಲದ ಮೊಲವು ಬಿಲವನ್ನು ತೋಡುವುದೇ ಇಲ್ಲ.

ಈ ನಂಬಿಕೆಗೆ ಗ್ರಂಥಗಳೂ ಕೆಲಮಟ್ಟಿಗೆ ಕಾರಣ. ಸರೋವರದ ದಂಡೆಯ ಮೆದುನೆಲದಲ್ಲಿದ್ದ ಶಶಕಗಳ ಬಿಲಗಳನ್ನು ಆನೆಗಳು ತುಳಿದು ಹಾಳುಮಾಡಿದ ಕಥೆಯು ಪಂಚತಂತ್ರದಲ್ಲಿ ಬರುವುದು. ಕಥೆಯು ರಮ್ಯವಾದದ್ದೇ, ಆದರೆ ವಿಷ್ಣುಶರ್ಮನು ರಾಜಕುಮಾರರಿಗೆ ಕಲಿಸಹೊರಟದ್ದು ನೀತಿಯನ್ನು, ಪ್ರಾಣಿಶಾಸ್ತ್ರವನ್ನಲ್ಲ. ಮೇಲಾಗಿ ಕನ್ನಡದಲ್ಲಿ ಎರಡು ಬೇರೆ ಜಾತಿಯ ಪ್ರಾಣಿಗಳಿಗೆ ‘ಮೊಲ’ವೆಂಬ ಒಂದೇ ಹೆಸರು ಸಲ್ಲುತ್ತಿರುವುದು.

ಬಿಲ ತೋಡುವ ಕಾಡುಮೊಲದ ಮೂಲಸ್ಥಾನವು ಯುರೋಪದ ನೈರುತ್ಯಕ್ಕಿರುವ ಸ್ಪೇನ್ ಮೊದಲಾದ ಸೀಮೆ. ನಾವು ಪಂಜರದಲ್ಲಿ ಸಾಕುವ ಬಿಳಿಯ ಮೊಲವು ಅದರ ವಂಶದ್ದೇ. ಅದು ಗುಂಪುಕಟ್ಟಿಕೊಂಡು ಬಾಳುವುದು. ಒಂದಕ್ಕೊಂದು ಕೂಡಿದ ಓಣಿಗಳು, ಹಲವು ಬಾಗಿಲುಗಳು, ನಡುನಡುವೆ ಕೋಣೆಗಳು, ಹೀಗೆ ನೆಲದೊಳಗೆ ಒಂದು ಕೇರಿಯೇ ಇರುವುದು. ಅಪಾಯ ಬಂದರೆ ಒಂದು ಮೊಲವು ಹಿಂಗಾಲಿನಿಂದ ನೆಲವನ್ನು ಬಡಿಯುವುದು. ಉಳಿದವು ಒಳಗೆ ನುಸುಳುವವು. ಸುಮಾರು ೩೦ ದಿನಗಳ ಗರ್ಭದ ತರುವಾಯ ತಾಯಿಯು ತನ್ನ ಹೊಟ್ಟೆಯ ತುಪ್ಪಳವನ್ನೇ ಕಿತ್ತು ಹಾಸಿದ ಗೂಡಿನಲ್ಲಿ ಮರಿಹಾಕುವುದು. ಮರಿಗಳಿಗೆ ಮೈಮೇಲೆ ಕೂದಲಿಲ್ಲ, ಕಣ್ಣು ತೆರೆದಿರುವುದಿಲ್ಲ. ತಾಯಿಯು ದಿನಕ್ಕೊಮ್ಮೆ ಕೆಲವೇ ನಿಮಿಷ ಬಂದು ಹಾಲೂಡಿ, ಹೊರಡುವಾಗ ಬಿಲದ ಬಾಯಿಗೆ ಮಣ್ಣು ಮುಚ್ಚುವುದುಂಟು. ೧೮೫೯ರಲ್ಲಿ ಆಸ್ಟ್ರೇಲಿಯಕ್ಕೆ ತಂದ ಇಂಥ ೨೪ ಮೊಲಗಳ ಸಂತಾನವು ಆ ಖಂಡದ ಬೆಳೆಗಳಿಗೇ ಕಂಟಕವಾಯಿತು.

ನಮ್ಮ ಮೊಲದ ಕತ್ತಿನ ಹಿಂಭಾಗದಲ್ಲಿ ಕಪ್ಪು ಮಚ್ಚೆಯುಂಟು. ಅದರ ಮನೆಯೆಂದರೆ ಹುಲ್ಲಿನ ನಡುವೆ ಮೈಯೊತ್ತಿ ಮಾಡಿಕೊಂಡ ಒಂದು ತಗ್ಗು, ಅಷ್ಟೇ. ಹಗಲೆಲ್ಲ ಅಲ್ಲಿ ಕಿವಿ ಮಡಚಿ ಕುಳಿತಿರುವುದು. ತುಳಿಯುವಷ್ಟು ಸಮೀಪಕ್ಕೆ ಹೋದಾಗಲೇ ಚಂಗನೆ ಹಾರುವುದು. ಬಿಲವಿಲ್ಲದವನಿಗೆ ಕಾಲೇ ಬಲ. ಬಯಲಲ್ಲೇ ಹುಟ್ಟುವ ಅದರ ಮರಿಗಳಿಗಾದರೋ ಹುಟ್ಟುವಾಗಲೇ ಮೈತುಂಬ ಕೂದಲಿರುವುದು, ಕಣ್ಣು ತೆರೆದಿರುವುದು.

ಈ ಭೇದವನ್ನು ನಾನು ಇಷ್ಟು ವಿಸ್ತರಿಸಿದ್ದಕ್ಕೆ ಕಾರಣವಿದೆ. ತಿಕೋಟೆಯ ಸುತ್ತ ಈಗ ದ್ರಾಕ್ಷಿಯ ತೋಟಗಳು ಹಬ್ಬಿವೆ, ಬಬಲೇಶ್ವರದ ಕಡೆಗೆ ಕಬ್ಬು ಹೆಚ್ಚಿದೆ. ಆದರೂ ಡೋಣಿ ಸಾಲಿನ ಎರೆಹೊಲಗಳಲ್ಲಿ ಬಿಳಿಜೋಳವು ಇನ್ನೂ ಉಂಟು. ಸುಗ್ಗಿಯಲ್ಲಿ ಜೋಳ ಕೊಯ್ಯುವಾಗ ಒಂಟಿ ಮರಿಯೊಂದು ಕೈಗೆ ಸಿಕ್ಕರೆ, “ಪಾಪ, ತಬ್ಬಲಿ!” ಎಂದು ಮಕ್ಕಳು ಅದನ್ನು ಸೆರಗಿನಲ್ಲಿಟ್ಟು ಮನೆಗೆ ತರುವರು, ತಾಯಂದಿರು ಆಕಳ ಹಾಲನ್ನು ಕುಡಿಸುವರು. ಆ ಹಾಲು ಅದಕ್ಕೆ ಒಗ್ಗದು; ಇಂಥ ಮರಿಗಳು ಬದುಕುವುದು ವಿರಳ. ವಾಸ್ತವದಲ್ಲಿ ಅದು ತಬ್ಬಲಿಯಲ್ಲ. ವೈರಿಗೆ ಸುಳಿವು ಸಿಕ್ಕದಂತೆ ತಾಯಿಯು ಹಗಲು ದೂರವಿದ್ದು ಕತ್ತಲಾದ ಮೇಲೆ ಬಂದು ಹಾಲೂಡುವುದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಮೊಲದ ಬೇಟೆಯನ್ನು ನಿಷೇಧಿಸಿರುವುದು ನಿಜ. ಆದರೆ ಕರುಣೆಯಿಂದ ಎತ್ತಿಕೊಂಡ ಕೈಯನ್ನು ತಡೆಯುವವರು ಮನೆಯ ಹಿರಿಯರೇ. ಮರಿಯು ಸಿಕ್ಕಲ್ಲಿಯೇ ಅದನ್ನು ಬಿಡಬೇಕು. ಕೊಯ್ಲು ಸಾಗಿದ್ದರೆ ಹತ್ತಿರದ ಬದುವಿನ ಹುಲ್ಲಿನಲ್ಲಿಟ್ಟು, ನಾಯಿಯನ್ನು ಕರೆದುಕೊಂಡು, ಹೊತ್ತು ಮುಳುಗುವ ಮುನ್ನ ಆ ಮಗ್ಗುಲನ್ನು ಬಿಟ್ಟು ಬಂದುಬಿಡಬೇಕು.